ಚಿತ್ರವೋ, ವಿಡಿಯೊವೋ, ನಾಟಕವೋ? ಎಲ್ಲವೂ ಆದರೆ ಇಲ್ಲಿ ಅರ್ಜಿ ಹಾಕಿ

ನಿಮ್ಮ ಕಲೆ ಯಾವ ವಿಭಾಗದ್ದು ಎಂದು ಕೇಳಿದರೆ ತಡವರಿಸುವ ಯುವ ಕಲಾವಿದರು ಈಗ ಬಹಳ. ಚಿತ್ರ ಬರೆಯುವವರೇ ವಿಡಿಯೊ ಮಾಡುತ್ತಾರೆ, ಅದಕ್ಕೆ ಸದ್ದನ್ನೂ ತಾವೇ ಕಟ್ಟುತ್ತಾರೆ. ಅಂಥವರು ಗಮನಿಸಬೇಕಾದದ್ದು ಉಕ್ರೇನಿನ ವಿಕ್ಟರ್ ಪಿಂಚುಕ್ ಫೌಂಡೇಷನ್ 2009ರಲ್ಲಿ ಆರಂಭಿಸಿದ ‘ಫ್ಯೂಚರ್ ಜನರೇಷನ್ ಆರ್ಟ್ ಪ್ರೈಜ್’. ವಯಸ್ಸು 35 ದಾಟಿರಬಾರದು, ಅಷ್ಟೇ. ದೇಶ, ಮಾಧ್ಯಮ ಯಾವುದಾದರೂ ಸರಿ. ಅರ್ಜಿ ಆನ್‌ಲೈನ್‌ನಲ್ಲಿ, ಶುಲ್ಕವಿಲ್ಲ. ಮುಖ್ಯ ಪ್ರಶಸ್ತಿ 1 ಲಕ್ಷ ಡಾಲರ್. ಅದರಲ್ಲಿ 60 ಸಾವಿರ ನಗದು, 40 ಸಾವಿರ ಹೊಸ ಕೃತಿಯ ನಿರ್ಮಾಣಕ್ಕೆ. ಇದು ಯುರೋಪಿನವರಿಗಷ್ಟೇ ಸಿಗುವಂಥದ್ದು ಎಂದುಕೊಳ್ಳಬೇಡಿ. 2021ರ ಆವೃತ್ತಿಯಲ್ಲಿ ಅಫ್ಗಾನಿಸ್ತಾನದ ಅಜೀಜ್ ಹಜಾರಾ, 2024ರಲ್ಲಿ ಬಾಂಗ್ಲಾದೇಶದ ಅಶ್ಫಿಕಾ ರಹಮಾನ್ ಗೆದ್ದಿದ್ದಾರೆ.

ಪ್ರಕಟಣೆ ಓದಿ

ಪ್ರತಿವರ್ಷ ಅರ್ಜಿ ಕರೆಯುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ನಂಬದೆ ಪ್ರಶಸ್ತಿಯ ಅಧಿಕೃತ ಜಾಲತಾಣವನ್ನೇ ನೋಡಿ. ವಯಸ್ಸನ್ನು ಯಾವ ದಿನಾಂಕಕ್ಕೆ ಲೆಕ್ಕ ಹಾಕುತ್ತಾರೆ ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳಿ.

ಕೃತಿಗಳನ್ನು ಆರಿಸಿ

2019ರಲ್ಲಿ ಗೆದ್ದ ಲಿಥುವೇನಿಯಾದ ಎಮಿಲಿಯಾ ಷ್ಕರ್ನುಲಿಟೆ ಅವರ ‘ಸೈರೆನೊಮೀಲಿಯಾ’ ಎಂಬ ವಿಡಿಯೊ ಕೃತಿಯ ಬಗ್ಗೆ ಒಮ್ಮೆ ಓದಿ. ನಾರ್ವೆಯಲ್ಲಿ ಶೀತಲ ಸಮರದ ಕಾಲದ, ಚಿತ್ರೀಕರಣದ ಹೊತ್ತಿಗೆ ಪಾಳುಬಿದ್ದಿದ್ದ ಜಲಾಂತರ್ಗಾಮಿ ನೆಲೆ. ಅದರೊಳಗೆ ಕಲಾವಿದೆಯೇ ಮತ್ಸ್ಯಕನ್ಯೆಯ ವೇಷದಲ್ಲಿ ಈಜುತ್ತಾರೆ. ಪುರಾಣ, ಸಿನಿಮಾ, ಯುದ್ಧದ ಇತಿಹಾಸ ಮೂರೂ ಅಲ್ಲಿವೆ. ಒಂದನ್ನು ತೆಗೆದರೂ ಕೃತಿ ನಿಲ್ಲುವುದಿಲ್ಲ. ನಿಮ್ಮ ಕೃತಿಗಳನ್ನೂ ಇದೇ ಪರೀಕ್ಷೆಗೆ ಒಡ್ಡಿ. ಅಲಂಕಾರಕ್ಕೆಂದು ಪ್ರೊಜೆಕ್ಟರ್ ಸೇರಿಸಿದ್ದರೆ ಆ ಕೃತಿಯನ್ನು ಪಕ್ಕಕ್ಕಿಡಿ. ಕಾಲೇಜಿನಲ್ಲಿ ಮಾಡಿದ್ದೆಲ್ಲವನ್ನೂ ತುಂಬಿದ ಪೋರ್ಟ್‌ಫೋಲಿಯೊಗಿಂತ ಗಟ್ಟಿಯಾದ ನಾಲ್ಕೈದು ಕೃತಿ ವಾಸಿ.

ಟಿಪ್ಪಣಿ ಬರೆಯಿರಿ

ಅರ್ಜಿ ಸೋಲುವುದು ಹೆಚ್ಚಾಗಿ ಇಲ್ಲೇ. ತೊಗಲುಗೊಂಬೆಯನ್ನೂ ಸೆನ್ಸರನ್ನೂ ಸೇರಿಸಿ ಒಂದು ಕೃತಿ ಮಾಡಿದ್ದೀರಿ ಎಂದುಕೊಳ್ಳಿ. ‘ಪರಂಪರೆ ಮತ್ತು ಆಧುನಿಕತೆಯ ನಡುವಿನ ಅನುಸಂಧಾನ’ ಎಂದು ಬರೆದರೆ ತೀರ್ಪುಗಾರರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಬದಲಿಗೆ ಹೀಗೆ ಬರೆಯಿರಿ: ‘ಆಡಿನ ಚರ್ಮದ ಗೊಂಬೆ ಪರದೆಯ ಹಿಂದೆ ಕುಣಿಯುತ್ತದೆ. ನೋಡುವವರು ಹತ್ತಿರ ಬಂದಷ್ಟೂ ದೀಪ ಮಂಕಾಗುತ್ತದೆ. ಪರದೆ ಮುಟ್ಟುವಷ್ಟರಲ್ಲಿ ಗೊಂಬೆ ಕಾಣುವುದಿಲ್ಲ.’ ಆಮೇಲೆ ಯಾಕೆ ಹೀಗೆ ಮಾಡಿದಿರಿ ಎಂಬುದಕ್ಕೆ ಎರಡು ವಾಕ್ಯ ಸಾಕು. ಮೊದಲು ಕನ್ನಡದಲ್ಲೇ ಬರೆದುಕೊಂಡು, ಇಂಗ್ಲಿಷ್ ಚೆನ್ನಾಗಿ ಬಲ್ಲವರಿಂದ ಅನುವಾದ ಮಾಡಿಸಿದರೂ ತಪ್ಪಿಲ್ಲ. ನೇರವಾಗಿ ಇಂಗ್ಲಿಷಿಗೆ ಕೈಹಾಕಿದರೆ ಭಾರದ ಪದಗಳೇ ಮೊದಲು ಬಂದು ಕೂರುತ್ತವೆ.

ಫೋಟೊ, ವಿಡಿಯೊ

ಪ್ರತಿ ಚಿತ್ರದ ಕೆಳಗೆ ಶೀರ್ಷಿಕೆ, ವರ್ಷ, ಸಾಮಗ್ರಿ, ಅಳತೆ ಇರಲಿ. ವಿಡಿಯೊ ಆದರೆ ಅವಧಿ. ಕನ್ನಡ ಮಾತಿದ್ದರೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿಸಿ. ವಿಡಿಯೊ ಲಿಂಕನ್ನು ಬೇರೆಯವರ ಮೊಬೈಲ್‌ನಲ್ಲಿ ತೆರೆದು ನೋಡಿ. ನಿಮ್ಮ ಕಂಪ್ಯೂಟರ್‌ನಲ್ಲಿ ಅದು ಹೇಗೂ ತೆರೆದುಕೊಳ್ಳುತ್ತದೆ!

ಜೊತೆಗಾರರ ಹೆಸರು

ಗೊಂಬೆ ಮಾಡಿದವರು, ಕೋಡ್ ಬರೆದವರು, ಹಾಡಿದವರು ಎಲ್ಲರ ಹೆಸರನ್ನೂ ಬರೆಯಿರಿ, ಒಪ್ಪಿಗೆಯನ್ನೂ ಪಡೆಯಿರಿ. ಹಳ್ಳಿಯ ಕಲಾವಿದರನ್ನು ‘ಸ್ಥಳೀಯ ಕುಶಲಕರ್ಮಿಗಳು’ ಎಂದು ಒಂದೇ ಮಾತಿನಲ್ಲಿ ಮುಗಿಸುವ ಚಾಳಿ ನಮ್ಮಲ್ಲಿದೆ. ಅದು ಸರಿಯಲ್ಲ.

ಸಲ್ಲಿಕೆ

ಕೊನೆಯ ದಿನಕ್ಕೆ ಕಾಯಬೇಡಿ, ಎರಡು ದಿನ ಮೊದಲೇ ಅಪ್‌ಲೋಡ್ ಮಾಡಿ. ಪಾಸ್‌ಪೋರ್ಟ್ ಇಲ್ಲದಿದ್ದರೆ ಈಗಲೇ ಮಾಡಿಸಿಕೊಳ್ಳಿ. ಅಂತಿಮ ಸುತ್ತಿಗೆ ಬಂದವರ ಪ್ರದರ್ಶನ ಯುದ್ಧದ ನಡುವೆಯೂ 2024ರಲ್ಲಿ ಕೀವ್‌ನ ಪಿಂಚುಕ್‌ ಆರ್ಟ್‌ಸೆಂಟರ್‌ನಲ್ಲೇ ನಡೆಯಿತು.

35 ದಾಟಿದವರಿಗೆ ಆಸ್ಟ್ರಿಯಾದ ಲಿಂಜ್ ನಗರದಲ್ಲಿ 1987ರಿಂದ ನಡೆಯುತ್ತಿರುವ ‘ಪ್ರಿ ಆರ್ಸ್ ಇಲೆಕ್ಟ್ರಾನಿಕಾ’ ಇದೆ. ಕಲೆ ಮತ್ತು ತಂತ್ರಜ್ಞಾನ ಕೂಡುವ ಕೃತಿಗಳಿಗೆ ಮೀಸಲಾದ ಪ್ರಶಸ್ತಿ ಅದು. ಮುಂಬೈನ ಅಶೋಕ್ ಸುಕುಮಾರನ್ 2007ರಲ್ಲಿ ಅದರ ಮುಖ್ಯ ಪುರಸ್ಕಾರವಾದ ‘ಗೋಲ್ಡನ್ ನಿಕಾ’ ಪಡೆದಿದ್ದರು.

ಹುಡುಕುವಾಗ ಪ್ರವೇಶ ಶುಲ್ಕ ಕೇಳುವ ‘ಅಂತರರಾಷ್ಟ್ರೀಯ’ ಪ್ರಶಸ್ತಿಗಳೂ ಸಾಲುಸಾಲಾಗಿ ಸಿಗುತ್ತವೆ. ತೀರ್ಪುಗಾರರ ಹೆಸರು, ಹಿಂದೆ ಗೆದ್ದವರ ಪಟ್ಟಿ ಎರಡೂ ಸ್ಪಷ್ಟವಾಗಿ ಕಾಣದಿದ್ದರೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.