ಚಿಗರಿ ಸಣ್ಣದು, ಹೊಲ ದೊಡ್ಡದು: ಒಂದು ಫೋಟೊ ಪಾಠ

ವನ್ಯಜೀವಿ ಫೋಟೊ ಅಂದ ಕೂಡಲೇ ಕಬಿನಿ, ಬಂಡೀಪುರ, ಮೊಳದುದ್ದದ ಲೆನ್ಸು ಕಣ್ಮುಂದೆ ಬರುತ್ತವೆ. ಚಿಟಗುಪ್ಪದ ಕಡೆಯ ನಮಗೆ ಅವು ರಾಜ್ಯದ ಇನ್ನೊಂದು ತುದಿ. ಆದರೆ ನಮ್ಮ ಬೀದರ್ ಜಿಲ್ಲೆಯ ಹೊಲ, ಹುಲ್ಲುಗಾವಲುಗಳಲ್ಲೇ ಕೃಷ್ಣಮೃಗಗಳಿವೆ. ನಮ್ಮ ಮಾತಿನಲ್ಲಿ ಚಿಗರಿ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತಮ್ಮ ತೋಟದ ಸುತ್ತಲಿನ ಹಕ್ಕಿಗಳನ್ನೇ ವರ್ಷಗಟ್ಟಲೆ ಫೋಟೊ ತೆಗೆದವರು. ಅದೇ ದಾರಿಯಲ್ಲಿ ನಾವೂ ಗುರಿ ಚಿಕ್ಕದು ಮಾಡಿಕೊಂಡಿದ್ದೇವೆ: ಒಂದೇ ಜಾಗ, ಒಂದೇ ಪ್ರಾಣಿ, ತಿಂಗಳಿಗೊಂದು ಚಿತ್ರ.

ಮೊದಲು ಲೆಕ್ಕ

ಚೌಕಟ್ಟಿನೊಳಗೆ ಎಷ್ಟು ಅಗಲದ ನೆಲ ಬರುತ್ತದೆ? ಸೆನ್ಸರಿನ ಅಗಲವನ್ನು ದೂರದಿಂದ ಗುಣಿಸಿ, ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ಸಾಕು. ಎಪಿಎಸ್-ಸಿ ಸೆನ್ಸರಿನ ಅಗಲ ಸುಮಾರು 24 ಮಿ.ಮೀ. 250 ಮಿ.ಮೀ. ಲೆನ್ಸಿನಲ್ಲಿ 100 ಮೀಟರ್ ದೂರಕ್ಕೆ 9.6 ಮೀಟರ್ ನೆಲ ಕಾಣುತ್ತದೆ. ಗಂಡು ಚಿಗರಿಯ ಉದ್ದ ಸುಮಾರು 1.2 ಮೀಟರ್ ಅಂತ ಹಿಡಿದರೆ, ಅದು ಚೌಕಟ್ಟಿನ ಅಗಲದಲ್ಲಿ ಎಂಟನೇ ಒಂದು ಭಾಗ. ಅರ್ಧ ತುಂಬಬೇಕಾದರೆ 25 ಮೀಟರಿಗೆ ಹೋಗಬೇಕು. ಅಷ್ಟು ಹತ್ತಿರ ನಡೆದು ಬರುವವರಿಗಾಗಿ ಚಿಗರಿ ಕಾಯುತ್ತಾ ನಿಲ್ಲೋದಿಲ್ಲ.

ಹಾಗಾದರೆ ಏನು ಮಾಡೋದು? ಉಳಿದ ಏಳು ಭಾಗವನ್ನೂ ಚಿತ್ರವೇ ಅಂತ ತಿಳಿಯೋದು. ತೊಗರಿಯ ಸಾಲು, ಬದುವಿನ ಜಾಲಿ, ಮೋಡ ಎಲ್ಲ ಒಳಗೆ ಬರಲಿ. ಚಿಗರಿ ಬದುಕೋದೇ ಇವುಗಳ ನಡುವೆ.

ಬೆಳಕು ಮತ್ತು ಎರೆಮಣ್ಣು

ಪ್ರಾಯದ ಗಂಡಿನ ಬೆನ್ನು ಕಪ್ಪು, ಹೊಟ್ಟೆ ಅಚ್ಚ ಬಿಳಿ. ಕ್ಯಾಮೆರಾದ ಮೀಟರ್ ಕಂಡದ್ದನ್ನೆಲ್ಲ ನಡುಬೂದು ಮಾಡಲು ನೋಡುತ್ತದೆ. ಹಿಂದೆ ಉತ್ತ ಎರೆಹೊಲವಿದ್ದರೆ ಕತ್ತಲೆ ಅಂದುಕೊಂಡು ಬೆಳಕು ಹೆಚ್ಚಿಸುತ್ತದೆ. ಆಗ ಹೊಟ್ಟೆಯ ಬಿಳಿ, ಕಣ್ಣ ಸುತ್ತಲಿನ ಬಿಳಿ ಎರಡೂ ಸುಟ್ಟುಹೋಗುತ್ತವೆ. ಎಕ್ಸ್‌ಪೋಶರನ್ನು ಮೈನಸ್ 0.7 ಅಥವಾ 1ಕ್ಕೆ ಇಳಿಸಿ, ಹಿಸ್ಟೊಗ್ರಾಮ್ ಬಲಗೋಡೆಗೆ ತಾಗಿದೆಯೇ ನೋಡಿಕೊಳ್ಳಿ. ಒಣಹುಲ್ಲಿನ ಬಯಲಿನಲ್ಲಿ ಇದು ಉಲ್ಟಾ: ಹಿನ್ನೆಲೆಯೇ ಬೆಳ್ಳಗಿರುವುದರಿಂದ ಕಪ್ಪು ಬೆನ್ನು ಇನ್ನಷ್ಟು ಕಪ್ಪಾಗಿ ಅದರ ವಿವರ ಮುಳುಗುತ್ತದೆ. ಅಲ್ಲಿ ಸ್ವಲ್ಪ ಏರಿಸಬೇಕು. ರಾ ಫೈಲ್ ಇದ್ದರೆ ಆಮೇಲೆ ತಿದ್ದಲು ಅನುಕೂಲ.

ತೊಗರಿ ಎದೆಮಟ್ಟ ನಿಂತಾಗ ಒಮ್ಮೊಮ್ಮೆ ಕೊಂಬಿನ ತುದಿ ಮಾತ್ರ ಕಾಣುತ್ತದೆ. ಅದೂ ಆ ತಿಂಗಳ ಚಿತ್ರವೇ. ಡಿಸೆಂಬರ್, ಜನವರಿಯಲ್ಲಿ ರಾಶಿ ಮುಗಿದ ಮೇಲೆ ಬಯಲು ಬಿಚ್ಚಿಕೊಳ್ಳುತ್ತದೆ. ಚಿಗರಿ ಹೆಚ್ಚಾಗಿ ಕಣ್ಣನ್ನೇ ನಂಬಿದ ಪ್ರಾಣಿ. ಆದ್ದರಿಂದ ಹೊತ್ತು ಮೂಡುವ ಮುಂಚೆಯೇ ಬದುವಿನ ಮರೆಯಲ್ಲಿ ಕೂತು, ಅಲುಗಾಡದೆ ಕಾಯೋದೇ ಒಳ್ಳೆಯದು.

ಓಡಿಸಬ್ಯಾಡ್ರಿ

ಓಟದ ಚಿತ್ರದ ಆಸೆಗೆ ಬೈಕಿನಲ್ಲಿ ಹಿಂಡನ್ನು ಅಟ್ಟುವವರಿದ್ದಾರೆ. ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಆ ಕಾಯ್ದೆ ಹೇಳುವ ಬೇಟೆಯಲ್ಲಿ ಕೊಲ್ಲುವುದಷ್ಟೇ ಅಲ್ಲ, ಅಟ್ಟುವುದೂ ಸೇರಿದೆ. ಕೈಯಲ್ಲಿ ಬಂದೂಕಿನ ಬದಲು ಕ್ಯಾಮೆರಾ ಇದ್ದರೂ ಅದರ ಅರ್ಥ ಬದಲಾಗೋದಿಲ್ಲ.

ಇನ್ನೂ ಎರಡು ಮಾತು. ಹುಟ್ಟಿದ ಮೊದಮೊದಲ ದಿನಗಳಲ್ಲಿ ಮರಿ ಹುಲ್ಲಿನಲ್ಲಿ ಅಡಗಿ ಮಲಗಿರುತ್ತದೆ, ತಾಯಿ ದೂರ ಮೇಯುತ್ತಿರುತ್ತದೆ. ಮರಿ ಕಂಡರೆ ಅನಾಥ ಅಂತ ಎತ್ತಿಕೊಳ್ಳಬೇಡಿ, ಹತ್ತಿರವೂ ನಿಲ್ಲಬೇಡಿ. ನೀವು ಅಲ್ಲಿರುವಷ್ಟು ಹೊತ್ತು ತಾಯಿ ಬರಲು ಅಂಜುತ್ತದೆ. ಎರಡನೆಯದು, ಬೆದರಿದ ಹಿಂಡು ಯಾರದೋ ಕಡಲೆ ತುಳಿದುಕೊಂಡೇ ಓಡುತ್ತದೆ. ಚಿಗರಿ ಮೇಯ್ದು ಆಗುವ ನಷ್ಟವನ್ನು ರೈತ ಮೊದಲೇ ಹೊತ್ತಿದ್ದಾನೆ. ಅದರ ಮೇಲೆ ನಮ್ಮ ಫೋಟೊದ ನಷ್ಟವೂ ಯಾಕೆ? ಹೊಲಕ್ಕೆ ಕಾಲಿಡುವ ಮುಂಚೆ ಕೇಳಿ: "ಯಪ್ಪಾ, ಬದುವಿನ ಮ್ಯಾಗ ಕುಂಡ್ರಲೇನ್ರಿ?" ಚಿಗರಿ ಯಾವ ಹೊತ್ತಿಗೆ ಯಾವ ಕಡೆಯಿಂದ ಬರುತ್ತವೆ ಅಂತ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಚಿತ್ರ ಹಂಚಿಕೊಳ್ಳುವಾಗ ಫೋನಿನ ಲೊಕೇಶನ್ ತೆಗೆದುಹಾಕಿ, ಊರಿನ ಹೆಸರೂ ಬೇಡ. ಬೇಟೆಗಾರರಿಗೂ ಇಂಟರ್ನೆಟ್ ಇದೆ.

ಹನ್ನೆರಡು ಚಿತ್ರ

ಪ್ರತಿ ತಿಂಗಳು ಅದೇ ಬದು, ಅದೇ ಹೊತ್ತು, ಅದೇ ಫೋಕಲ್ ಲೆಂಗ್ತ್. ಚಿಗರಿ ಬಾರದಿದ್ದರೂ ನೆಲದ ಚಿತ್ರ ತೆಗೆಯಿರಿ. ತಾರೀಖು, ಬೆಳೆ, ಕಂಡ ಚಿಗರಿಗಳ ಎಣಿಕೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹುಲ್ಲುಗಾವಲನ್ನು ಬೀಳುಭೂಮಿ ಅಂತ ಕರೆದು ಪ್ಲಾಟು ಹಾಕುವುದು ಬಹಳ ಸುಲಭ. ಮುಂದೊಂದು ದಿನ ಅಲ್ಲಿ ಕಲ್ಲು ನೆಟ್ಟು "ಇಲ್ಲಿ ಏನೂ ಇರಲಿಲ್ಲ" ಅಂತ ಯಾರಾದರೂ ಅಂದರೆ, ತಾರೀಖು ಸಮೇತ ತೋರಿಸಲು ನಮ್ಮ ಹತ್ತಿರ ಹನ್ನೆರಡು ಚಿತ್ರ ಇರಬೇಕು.