ಲಡಾಖ್‌ನಲ್ಲಿ ಟೆಂಟ್ ಹಾಕುವ ಮುನ್ನ

ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಬೆಳಿಗ್ಗೆ ಇಲ್ಲಿ ವಿಮಾನ ಹತ್ತಿದವರು ಅದೇ ದಿನ 3,500 ಮೀಟರ್ ಎತ್ತರದ ಲೇಹ್‌ನಲ್ಲಿರುತ್ತಾರೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಪಾಲಿನಷ್ಟೇ. ಕುಮಾರಪರ್ವತವನ್ನು ಸಲೀಸಾಗಿ ಹತ್ತಿದ ಹುಡುಗರಿಗೂ ಲೇಹ್‌ನಲ್ಲಿ ತಲೆ ಸಿಡಿಯಬಹುದು. ದೇಹದಾರ್ಢ್ಯಕ್ಕೂ ಇದಕ್ಕೂ ಸಂಬಂಧವಿಲ್ಲ.

ಮೊದಲ ಎರಡು ದಿನ: ಲೇಹ್ ಬಿಟ್ಟು ಕದಲಬೇಡಿ. ಶಾಂತಿಸ್ತೂಪದ ಮೆಟ್ಟಿಲು ಮೂರನೇ ದಿನಕ್ಕಿರಲಿ. ನೀರು ಕುಡಿಯುತ್ತಿರಿ, ಹಿತಮಿತವಾಗಿ ಊಟ ಮಾಡಿ. ಮದ್ಯ, ನಿದ್ರೆಮಾತ್ರೆ ಎರಡೂ ಬೇಡ. ಎತ್ತರದ ತೊಂದರೆ ತಡೆಯುವ ಡೈಮಾಕ್ಸ್ ಮಾತ್ರೆ ಬೇಕೇ ಎಂಬುದನ್ನು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿ. ಸಲ್ಫಾ ಔಷಧದ ಅಲರ್ಜಿ ಇದ್ದರೆ ತಪ್ಪದೆ ತಿಳಿಸಿ.

ಆಮೇಲೆ, ಮಲಗುವ ಎತ್ತರದ ಲೆಕ್ಕ: ಹಗಲು ಎಷ್ಟು ಮೇಲೆ ಹೋಗಿ ಬಂದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗುತ್ತೀರಿ ಎನ್ನುವುದೇ ಮುಖ್ಯ. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಮರುರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಬಾರದು. ಹಾಗಾಗಿ ಮೊದಲ ಟೆಂಟ್ ನುಬ್ರಾ ಕಣಿವೆಯಲ್ಲಿರಲಿ. ದಾರಿಯಲ್ಲಿ ಖರ್ದುಂಗ್ ಲಾ ಎಂಬ ಎತ್ತರದ ಘಟ್ಟ ದಾಟಬೇಕು ನಿಜ, ಆದರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ ಇಳಿದರೆ ನುಬ್ರಾದ ಹುಂಡರ್ ಇರುವುದು ಸುಮಾರು 3,100 ಮೀಟರ್‌ನಲ್ಲಿ, ಲೇಹ್‌ಗಿಂತ ಕೆಳಗೆ. ಪಾಂಗಾಂಗ್ ಸರೋವರ ಸುಮಾರು 4,250 ಮೀಟರ್. ಅಲ್ಲಿ ತಂಗುವ ಮೊದಲು ದಾರಿಯಲ್ಲಿ ತಾಂಗ್ತ್ಸೆಯಲ್ಲಿ ಒಂದು ರಾತ್ರಿ ಕಳೆಯಿರಿ.

ಮನಾಲಿ ರಸ್ತೆಯಲ್ಲಿ ಬರುವವರಿಗೆ ಸರ್ಚುವೇ ಕಂಟಕ. ಸುಮಾರು 2,050 ಮೀಟರ್‌ನ ಮನಾಲಿಯಿಂದ ಹೊರಟು ಅಂದೇ ರಾತ್ರಿ 4,290 ಮೀಟರ್‌ನ ಟೆಂಟಿನಲ್ಲಿ ಮಲಗಿದರೆ ನಿದ್ದೆ ಬರುವುದೇ ಕಷ್ಟ. ಟೂರ್ ಪ್ಯಾಕೇಜಿನಲ್ಲಿ ಹಾಗಿದ್ದರೆ ಪಟ್ಟು ಹಿಡಿದು ಜಿಸ್ಪಾದಲ್ಲಿ ತಂಗಲು ವ್ಯವಸ್ಥೆ ಮಾಡಿಸಿ. ಶ್ರೀನಗರ–ಕಾರ್ಗಿಲ್ ದಾರಿ ಇದಕ್ಕಿಂತ ಎಷ್ಟೋ ಮೇಲು.

ಟೆಂಟಿನಲ್ಲಿ: ಪಾಂಗಾಂಗ್ ದಂಡೆಯಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಅನ್ನ ಎಷ್ಟು ಬೇಯಿಸಿದರೂ ನಡುವೆ ಗಟ್ಟಿ. ಪುಟ್ಟ ಕುಕ್ಕರ್ ಒಯ್ಯಿರಿ. ಚಳಿಯೆಂದು ಟೆಂಟಿನೊಳಗೆ ಒಲೆ ಉರಿಸಬೇಡಿ. ಕಾರ್ಬನ್ ಮೊನಾಕ್ಸೈಡ್ ವಿಷವೂ ತಲೆನೋವು, ವಾಕರಿಕೆಯಿಂದಲೇ ಶುರುವಾಗುವುದರಿಂದ ಎತ್ತರದ ತೊಂದರೆಯೆಂದೇ ಭ್ರಮಿಸುವ ಅಪಾಯವಿದೆ.

ಮೈ ಕೆಟ್ಟರೆ: ತಲೆನೋವಿನ ಜೊತೆ ವಾಕರಿಕೆ, ಸುಸ್ತು ಇದ್ದರೆ ಇದ್ದಲ್ಲೇ ಉಳಿಯಿರಿ, ಮೇಲೇರಬೇಡಿ. ಕಡಿಮೆಯಾಗದಿದ್ದರೆ ಇಳಿಯಿರಿ. ಅನುಮಾನ ಬಂದಾಗ ಟೆಂಟಿನ ಮುಂದೆ ನೆಲದ ಮೇಲೆ ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಹತ್ತು ಹೆಜ್ಜೆ ನಡೆಸಿ ನೋಡಿ. ತೂರಾಡಿದರೆ ಮಿದುಳು ಊದಿಕೊಳ್ಳುತ್ತಿರಬಹುದು. ಕೂತಲ್ಲೇ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಇವೆರಡರಲ್ಲೂ ಬೆಳಗಾಗಲೆಂದು ಕಾಯಬೇಡಿ, ರಾತ್ರಿಯೇ ಕೆಳಗಿಳಿಸಿ ಆಸ್ಪತ್ರೆಗೆ ಸೇರಿಸಿ. ಆಮ್ಲಜನಕದ ಸಿಲಿಂಡರ್ ದಾರಿಯಲ್ಲಿ ನೆರವಾಗುತ್ತದೆ, ಇಳಿಯುವುದಕ್ಕೆ ಬದಲಿಯಲ್ಲ.

ರಜೆ ಐದೇ ದಿನ ಸಿಕ್ಕಿದ್ದರೆ ಪಾಂಗಾಂಗ್ ಬಿಟ್ಟುಬಿಡಿ, ನುಬ್ರಾ ನೋಡಿಕೊಂಡು ಬನ್ನಿ.