ಗಾಡಿಗೆ ತಕ್ಕ ಪುಸ್ತಕ

ಮನೆ ಅಂಗಳದಲ್ಲೇ ಬೈಕಿನ ಸಣ್ಣಪುಟ್ಟ ಕೆಲಸ ಮಾಡಿಕೊಳ್ಳಬೇಕೆನ್ನುವ ಹಾವೇರಿ, ರಾಣೆಬೆನ್ನೂರು ಕಡೆಯ ಗೆಳೆಯರೇ, ಪಾನಾ ಸೆಟ್ ಕೊಳ್ಳುವ ಮೊದಲು ಒಳ್ಳೆಯ ಕೈಪಿಡಿ ಹುಡುಕಿ. ಗಾಡಿಯ ಜೊತೆ ಬಂದ ಓನರ್ಸ್ ಮ್ಯಾನ್ಯುಯಲ್ ಆಯಿಲ್ ದರ್ಜೆ, ಟೈರಿನ ಗಾಳಿ, ಚೈನ್ ಸಡಿಲದ ಅಳತೆ ಹೇಳುತ್ತದೆ. ಬಿಚ್ಚಿ ಜೋಡಿಸುವ ಕ್ರಮ ಇರುವುದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ. ಮನೆಯಲ್ಲಿರುವ ಓನರ್ಸ್ ಮ್ಯಾನ್ಯುಯಲ್ ಅನ್ನು ಮೊದಲು ಪೂರ್ತಿ ಓದಿ. ಬಹಳ ಮಂದಿ ಅದನ್ನು ಕಪಾಟಿನಲ್ಲಿಟ್ಟು ಮರೆತಿರುತ್ತಾರೆ.

ಸರ್ವಿಸ್ ಮ್ಯಾನ್ಯುಯಲ್ ಕೊಳ್ಳುವಾಗ ಗಾಡಿಯ ಹೆಸರೊಂದನ್ನೇ ನಂಬಬೇಡಿ, ಇಸವಿ ನೋಡಿ. 2020ರ ಏಪ್ರಿಲ್ 1ರಿಂದ ಬಿಎಸ್‌-6 ನಿಯಮ ಜಾರಿಯಾದ ಮೇಲೆ ಸ್ಪ್ಲೆಂಡರ್‌ನಂಥ ಗಾಡಿಗಳಲ್ಲೂ ಕಾರ್ಬೊರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಹೆಸರು ಅದೇ, ಒಳಗಿನ ವ್ಯವಸ್ಥೆ ಬೇರೆ. ಹಳೆಯ ಪುಸ್ತಕ ಹಿಡಿದು ಹೊಸ ಗಾಡಿಯ ವೈರಿಂಗ್‌ಗೆ ಕೈಹಾಕಬೇಡಿ.

ಪುಸ್ತಕ ಕೈಗೆ ಬಂದೊಡನೆ ಏರ್ ಫಿಲ್ಟರ್ ಪುಟ ತೆಗೆಯಿರಿ. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯ ಹೊಲದ ದಾರಿಗಳ ಧೂಳಿನಲ್ಲಿ ಓಡಾಡುವವರಿಗೆ ಅದೇ ಮುಖ್ಯ. ಫೋಮ್ ಫಿಲ್ಟರ್ ತೊಳೆಯಬಹುದು. ಎಣ್ಣೆ ಹೀರಿಸಿದ ಕಾಗದದ ಫಿಲ್ಟರ್ ತೊಳೆಯುವಂತಿಲ್ಲ, ಗಾಳಿ ಹೊಡೆಯುವಂತಿಲ್ಲ, ಬದಲಿಸಲೇಬೇಕು. ಧೂಳಿದ್ದಲ್ಲಿ ಇನ್ನೂ ಬೇಗ. ಇದನ್ನು ಬಿಡಿಸಿ ಹೇಳದ ಪುಸ್ತಕ ಬೇಡ. ಯಾವ ಬೋಲ್ಟನ್ನು ಎಷ್ಟು ಬಿಗಿಯಬೇಕೆಂಬ ನ್ಯೂಟನ್ ಮೀಟರ್ ಪಟ್ಟಿ, ವೈರಿನ ಬಣ್ಣ ತಿಳಿಸುವ ನಕ್ಷೆ ಇರಲೇಬೇಕು. ಚಿತ್ರ ಮಸುಕಾದ ಜೆರಾಕ್ಸ್ ಪ್ರತಿಗೆ ದುಡ್ಡು ಕೊಡಬೇಡಿ.

ಪುಸ್ತಕ ಎಷ್ಟೇ ಚೆನ್ನಾಗಿರಲಿ, ಬ್ರೇಕ್ ಕೆಲಸವನ್ನು ಮಾತ್ರ ಮೊದಲ ಸಲ ನಿಮ್ಮ ಮೆಕ್ಯಾನಿಕ್ ಎದುರಿಗೇ ಮಾಡಿ.